ಮಡಿಲಿಗೂ ಸುಂಕ ಕೇಳಿದ ಸಂತೆ

ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನನ್ನ ಮಗಳು ಗೌರಿಗೆ, ಮದುವೆಯಾಗಿ ಎಷ್ಟೋ ವರ್ಷ ಕಾದು, ಹರಕೆ ಹೊತ್ತು ಹೊತ್ತು ದೇವರಿಗೇ ಬೇಜಾರಾದ ಮೇಲೆ. ಕೂಸು ಮಾಗಿದ ಟೊಮೇಟೊ ಹಾಗೆ ಕೆಂಪಗಿದೆ. ಅತ್ತರೆ ಬೀದಿ ಕೊನೆಯ ಹಾಲಿನ ಡೈರಿ ತನಕ ಕೇಳುತ್ತದೆ. ಮೂಗು ನನ್ನದೇ, ಯಾರು ಏನೇ ಹೇಳಲಿ. ಬೀಗಿತ್ತಿ ನೋಡಲು ಬಂದವಳು "ಮೂಗು ನಮ್ ಕಡೇದು ಕಣವ್ವ" ಅಂದಳು. ಇರಲಿ ಬಿಡಿ. ಮೂಗಿಗೇನು ಸುಂಕವಿಲ್ಲ, ಯಾರು ಬೇಕಾದರೂ ತಮ್ಮದು ಅಂದುಕೊಳ್ಳಲಿ.

ಇಷ್ಟು ಸಂತೋಷದಲ್ಲಿ ಕಹಿ ಮಾತು ಬರೆಯಲು ಕೂತಿದ್ದೇಕೆ ಅಂದರೆ ನಮ್ಮ ಬೀದಿಯ ಸವಿತ. ಕೂಸು ನೋಡಲು ಬಂದಳು. ಬರುವ ಮಂಗಳವಾರದಿಂದ ನಮ್ಮೂರ ಸಂತೆಯಲ್ಲಿ ಸುಂಕ ಎತ್ತುವ ಕೆಲಸ ಅವಳಿಗೆ ಸಿಕ್ಕಿದೆಯಂತೆ. ಹಿಂದೆ ಆ ಕೆಲಸ ಮಾಡಿದವಳು ನಾನು.

"ಅಜ್ಜಿ, ಮೊದ್ಲು ಏನ್ ಕಲೀಬೇಕು ಯೋಳಿ" ಅಂದಳು.

"ಕಿವಿಗೆ ಅತ್ತಿ ತುಂಬ್ಕೊಳದ ಕಲಿ" ಅಂದೆ. ಎಲ್ಲರೂ ನಕ್ಕರು.

ಅಷ್ಟರಲ್ಲಿ ನನ್ನ ಅಳಿಯ ಮಾದೇಶ ಫೋನಿನಲ್ಲಿ ಸುದ್ದಿ ನೋಡುತ್ತಿದ್ದವನು ತಲೆ ಎತ್ತಿದ. ಯಾವುದೋ ಪಕ್ಕದ ದೇಶ ನಮ್ಮ ದೇಶದ ಸಾಮಾನಿಗೆ ಸುಂಕ ಏರಿಸುತ್ತೇನೆ ಅಂತ ಹೆದರಿಸುತ್ತಿದೆಯಂತೆ. "ನಾವೇನ್ ಬಳೆ ತೊಟ್ಕೊಂಡಿದ್ದೀವಾ ಅತ್ತೆ? ಅವರು ಒಂದು ಹಾಕುದ್ರೆ ನಾವು ಎರಡು ಜಡೀಬೇಕು!" ಅಂದ. ಸವಿತ "ಅಂಗೆ ಮಾಡ್ಬೇಕು ಕಣಣ್ಣ" ಅಂತ ಚಪ್ಪಾಳೆ ಹೊಡೆದಳು. ನನ್ನ ಬಾಯಲ್ಲಿ ಕೂಸಿನ ಹೆಸರಿನ ಸಕ್ಕರೆ ಇತ್ತು. ಅದು ಕಹಿಯಾಯಿತು.

ಮಾದೇಶನಿಗೆ ಮರೆತಿರಬಹುದು. ನನಗೆ ಮರೆತಿಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಸೊಟ್ಟಗಾಗುತ್ತವೆ. ಆದರೂ ಸವಿತಾಳಂಥ ಮಕ್ಕಳು ಓದಲಿ ಅಂತ ಬರೆಯುತ್ತೇನೆ.

ನಮ್ಮೂರು ಕಾವೇರಿ ದಡದಲ್ಲಿ, ಚುಂಚನಕಟ್ಟೆಯಿಂದ ಬಸ್ಸು ಹಿಡಿದರೆ ಬೇಗ ಬರುತ್ತದೆ. ನಮ್ಮದು ನಾಲೆ ನೀರಿನ ಊರು, ಬಾಳೆ, ವೀಳ್ಯದೆಲೆ, ಸೊಪ್ಪು ಬೆಳೆಯುತ್ತೇವೆ. ಹೊಳೆಯಾಚೆ ಇನ್ನೊಂದು ಊರು. ಅದು ಹೊಲದ ಊರು, ಹುರುಳಿ, ಅವರೆ, ಕುರಿ, ಕೋಳಿ, ಹೂವು. ನಮ್ಮ ಸಂತೆ ಮಂಗಳವಾರ, ಅವರದು ಶುಕ್ರವಾರ. ನಮ್ಮಲ್ಲಿಲ್ಲದ್ದು ಅವರ ಹತ್ತಿರ, ಅವರಲ್ಲಿಲ್ಲದ್ದು ನಮ್ಮ ಹತ್ತಿರ. ಹೆಣ್ಣು ಕೊಡುವುದು ತರುವುದೂ ಹಾಗೇ. ಗೌರಿಯನ್ನು ಕೊಟ್ಟದ್ದು ಅಲ್ಲಿಗೇ.

ನಮ್ಮ ಯಜಮಾನರು ತೆಂಗಿನ ಮರದಿಂದ ಬಿದ್ದು ಸೊಂಟ ಹೋಗಿ ಮನೆಯಲ್ಲಿ ಕೂತ ವರ್ಷ ನಾನು ಈ ಕೆಲಸಕ್ಕೆ ಸೇರಿದೆ. ಸಂತೆ ಸುಂಕವನ್ನು ಪಂಚಾಯ್ತಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ಗುತ್ತಿಗೆ. ನಮ್ಮ ಗುತ್ತಿಗೆದಾರ ಸ್ವಾಮಣ್ಣ. ಗಂಡಸರು ಸುಂಕ ಕೇಳಲು ಹೋದರೆ ಹೆಂಗಸರ ಸಾಲಿನವರು ಸೆರಗು ಕಟ್ಟಿ ಎದ್ದು ನಿಲ್ಲುತ್ತಿದ್ದರು. ಅದಕ್ಕೆ "ಹೆಂಗುಸ್ರ ಸಾಲಿಗೆ ಹೆಂಗ್ಸೇ ಸರಿ" ಅಂತ ನನ್ನನ್ನು ಇಟ್ಟುಕೊಂಡ. ಹೆಗಲಿಗೆ ಚೀಲ, ಕೈಗೆ ಚೀಟಿ ಪುಸ್ತಕ. ಅವತ್ತಿನಿಂದ ನನ್ನ ಹೆಸರು ಚಿಕ್ಕತಾಯಮ್ಮ ಹೋಗಿ ಸುಂಕದ ತಾಯಮ್ಮ ಆಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಅದು ಸುಳ್ಳು. ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುವುದು ನಿಜ. ಆದರೆ ಎಲ್ಲರೂ ಹೇಳಿಕೊಳ್ಳುವುದು ಸುಂಕದವಳ ಹತ್ತಿರವೇ. ಗಂಡ ಹೊಡೆದದ್ದು, ಹಸು ಸತ್ತದ್ದು, ಸೊಸೆ ಉಪ್ಪು ಜಾಸ್ತಿ ಹಾಕಿದ್ದು, ಎಲ್ಲ ಕೇಳಬೇಕು. ಕೇಳಿ ಕೊನೆಗೆ ಕೈ ಚಾಚಬೇಕು. ಅದೇ ಈ ಕೆಲಸದ ಪಾಪ.

ಮೊದಲನೇ ವಾರವೇ ಎಡವಟ್ಟು ಮಾಡಿದೆ. ಒಬ್ಬಾಕೆ ಕೊಬ್ಬಿದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದಳು. ನಾನು ತಡೆದು ಸುಂಕ ಇಸಿದುಕೊಂಡೆ. ಆಮೇಲೆ ನೋಡಿದರೆ ಅದು ಮಾರಮ್ಮನ ಹರಕೆ ಕೋಳಿ. ಮಾರಾಟದ್ದಲ್ಲ! ವೀಳ್ಯದೆಲೆ ಮಾರುವ ಕಾಳಕ್ಕ, ಅವಳ ನಾಲಿಗೆ ಎಲೆಯಷ್ಟೇ ಖಾರ, ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳು: "ತಾಯಮ್ಮೋ, ಮಾರಮ್ಮಂಗೆ ಚೀಟಿ ಅರ್ದು ಕೊಟ್ಟ್ಯಾ? ಇಲ್ದಿದ್ರೆ ಆಯಮ್ಮ ನಿನ್ ಮನೇಗೇ ಬತ್ತಾಳೆ ಇಸ್ಕೊಳಕೆ!" ವರ್ಷಗಟ್ಟಲೆ ನನ್ನನ್ನು ಕಂಡರೆ "ಕೊಕ್ಕೊಕ್ಕೋ" ಅನ್ನುತ್ತಿದ್ದರು.

ಅದೇ ಕಾಳಕ್ಕ ನನಗೆ ಸಂತೆಯ ಕಾನೂನು ಕಲಿಸಿದವಳು. ಪುಸ್ತಕದಲ್ಲಿಲ್ಲದ ಕಾನೂನು. ಹರಕೆಯದಕ್ಕೆ ಸುಂಕವಿಲ್ಲ. ಬಸುರಿ ತಂದದ್ದಕ್ಕೆ ಸುಂಕವಿಲ್ಲ. ಎಲ್ಲಕ್ಕಿಂತ ದೊಡ್ಡದು, ಮಡಿಲಿನಲ್ಲಿರುವುದಕ್ಕೆ ಸುಂಕವಿಲ್ಲ. ಬುಟ್ಟಿಗೆ ಉಂಟು, ಗಾಡಿಗೆ ಉಂಟು, ನೆಲದ ಮೇಲೆ ಹರವಿದರೆ ಉಂಟು. ಸೀರೆ ಮಡಿಲು ಕಟ್ಟಿಕೊಂಡು ನಿಂತು ಮಾರಿದರೆ ಇಲ್ಲ. ಮಡಿಲು ಅಂದರೆ ತವರಿನವರು ಅಕ್ಕಿ, ಕೊಬ್ಬರಿ, ಬೆಲ್ಲ ತುಂಬುವ ಜಾಗ. ಅಲ್ಲಿಗೆ ಹಾಕುವುದುಂಟು, ಅಲ್ಲಿಂದ ತೆಗೆಯುವುದುಂಟೇ?

ನನ್ನ ಗೌರಿ ಬರುತ್ತಿದ್ದುದೂ ಹಾಗೇ. ಅವಳ ಹಿತ್ತಲಲ್ಲಿ ಕಾಕಡ, ಕನಕಾಂಬರ ಇತ್ತು. ಕಟ್ಟಿ, ಮಡಿಲಲ್ಲಿ ತುಂಬಿಕೊಂಡು, ಪ್ರತಿ ಮಂಗಳವಾರ ಸೇತುವೆ ದಾಟಿ ಬರುವಳು. ಅತ್ತೆ ಮನೆಯಲ್ಲಿ ಅವಳ ಕೈಗೆ ಅಂತ ಸಿಗುತ್ತಿದ್ದ ಕಾಸು ಅದೊಂದೇ. ಅದಕ್ಕಿಂತ ಹೆಚ್ಚಾಗಿ, ನಾವಿಬ್ಬರೂ ಸಿಗುತ್ತಿದ್ದುದು ಅಲ್ಲೇ. ಮಕ್ಕಳಾಗಲಿಲ್ಲ ಅಂತ ಅತ್ತೆ ಅವಳನ್ನು ತವರಿಗೆ ಸುಮ್ಮಸುಮ್ಮನೆ ಕಳಿಸುತ್ತಿರಲಿಲ್ಲ. ಸಂತೆಗೆ ಅಂದರೆ ಬೇಡ ಅನ್ನುತ್ತಿರಲಿಲ್ಲ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಹುಣಸೆ ಮರದ ಹಿಂದೆ ಕೂತು ಇಬ್ಬರೂ ಬೋಂಡ ತಿನ್ನುತ್ತಿದ್ದೆವು. ಅವಳು ಮಾತಾಡುವಳು, ನಾನು ಕೇಳುವೆನು. ಸುಂಕದವಳಾಗಿ ಅಲ್ಲ, ಅವ್ವನಾಗಿ.

(ತಡೆಯಿರಿ, ಕೂಸು ಎದ್ದಿತು. ತೊಟ್ಟಿಲು ತೂಗಿ ಬಂದೆ. ನಿದ್ದೆಯಲ್ಲಿ ನಗುತ್ತದೆ ಕಣ್ರೀ, ನನ್ನ ಹಳೇ ಕೆಲಸದ ಕಥೆ ಅದಕ್ಕೆ ಗೊತ್ತಾದ ಹಾಗೆ!)

ಈಗ ಜಗಳಕ್ಕೆ ಬರುತ್ತೇನೆ. ಆಚೆ ದಡದ ಸಂತೆಗೆ ಹೊಸ ಗುತ್ತಿಗೆದಾರ ಬಂದ. ಬಂದವನೇ ತಮಟೆ ಹೊಡೆಸಿದ: ಬರುವ ತಿಂಗಳಿಂದ ಈ ದಡದವರು ತರುವ ಸಾಮಾನಿಗೆ ಎರಡರಷ್ಟು ಸುಂಕ. ಸುದ್ದಿ ಸೇತುವೆ ದಾಟಿ ಬಂದ ದಿನ ನಮ್ಮ ಪಂಚಾಯ್ತಿ ಮುಂದೆ ಜನವೋ ಜನ. ಸ್ವಾಮಣ್ಣ ಕುರ್ಚಿ ಮೇಲೆ ಹತ್ತಿ ನಿಂತ.

"ಇದು ಕಾಸಿನ ಪ್ರಶ್ನೆ ಅಲ್ಲ, ಮರ್ವಾದೆ ಪ್ರಶ್ನೆ! ಅವ್ರು ಎರಡು ಅಂದ್ರೆ ನಾವು ಮೂರು!"

ಹುಡುಗರು ಸಿಳ್ಳೆ ಹೊಡೆದರು. ಕಾಳಕ್ಕ ಹಿಂದೆ ನಿಂತಿದ್ದಳು. "ಅಲ್ಲ ಕಣ್ರಪ್ಪ, ಆವಯ್ಯಂಗೆ ಏನ್ ಬೇಕಂತೆ? ಯಾರಾರ ಒಬ್ರು ಓಗಿ ಕೇಳುದ್ರಾ?" ಅಂದಳು.

"ನೀನು ಎಲೆ ಜೋಡಿಸ್ಕೊಂಡು ಕುಂತ್ಕೊ ಕಾಳವ್ವ. ಇದು ಗಂಡುಸ್ರ ಇಚಾರ" ಅಂದ ಸ್ವಾಮಣ್ಣ.

"ಔದೌದು, ಕೊಳ್ಳೋದು ಮಾರೋದು ಹೆಂಗುಸ್ರು, ಇಚಾರ ಗಂಡುಸ್ರದು" ಅಂತ ಅವಳು ಎಲೆಯುಗುಳು ಉಗಿದಳು. ನಗು ಬಂತು ಹೋಯಿತು. ಅವಳು ಕೇಳಿದ ಪ್ರಶ್ನೆ ಮಾತ್ರ ಅಲ್ಲೇ ಬಿದ್ದಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಅವರು ಬರುವ ತಿಂಗಳು ಅಂದಿದ್ದರು. ನಾವು ಬರುವ ಮಂಗಳವಾರವೇ ಶುರು ಮಾಡಿದೆವು. ಅವರು ಕಲ್ಲು ಎತ್ತಿ ತೋರಿಸಿದ್ದರು ಅಷ್ಟೇ. ನಾವು ಹೊಡೆದೇಬಿಟ್ಟೆವು. ಹೊಡೆಸಿಕೊಂಡ ಮೇಲೆ ಅವರು ಸುಮ್ಮನಿರುತ್ತಾರಾ? ಆ ಶುಕ್ರವಾರ ನಮ್ಮೂರ ಬಾಳೆಗೊನೆಯ ಆಟೋಗಳನ್ನು ಸಂತೆ ಬಾಯಲ್ಲೇ ನಿಲ್ಲಿಸಿದರು. ಗೊನೆಗಳು ವಾಪಸ್ ಬಂದು ಹಿತ್ತಲಲ್ಲಿ ಹಣ್ಣಾಗಿ, ಹಸುಗಳು ತಿಂದು, ಹಸುಗಳಿಗೂ ಸಾಕಾಯಿತು.

ಸುಂಕ ಎತ್ತುವವಳಾಗಿ ನಾನು ಕಂಡ ನಿಜ ಒಂದಿದೆ, ಸವಿತ ಇದನ್ನು ನೆನಪಿಟ್ಟುಕೊಳ್ಳಲಿ. ನಾನು ಆಚೆ ಊರಿನ ಅವರೆಕಾಯಿ ಹೆಂಗಸಿನ ಹತ್ತಿರ ಮೂರರಷ್ಟು ಇಸಿದುಕೊಂಡೆ. ಅವಳು ಅಳಲಿಲ್ಲ. ಅವರೆಕಾಯಿ ಬೆಲೆ ಏರಿಸಿದಳು, ಅಷ್ಟೇ. ಕೊಳ್ಳಲು ಬಂದ ನಮ್ಮೂರ ಮುದುಕಿಯೊಬ್ಬಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಸುಂಕ ಆಚೆ ಊರೋರ್ಗೆ ಅಂದ್ರಲ್ಲವ್ವ. ನನ್ ಗಂಟ್ನಿಂದ ಯಾಕ್ ಓಯ್ತಾ ಅದೆ?"

ಅದನ್ನೇ ಹೋಗಿ ಸ್ವಾಮಣ್ಣನನ್ನು ಕೇಳಿದೆ. "ಊರಿಗಾಗಿ ಒಸಿ ತಡ್ಕೋಬೇಕು ತಾಯಮ್ಮ" ಅಂದ. ತಡೆದುಕೊಳ್ಳುವವರು ಯಾವಾಗಲೂ ಅವರೆಕಾಯಿ ಕೊಳ್ಳುವವರೇ. ಸ್ವಾಮಣ್ಣ ಕೆಟ್ಟವನೇನಲ್ಲ, ಯಜಮಾನರ ಆಸ್ಪತ್ರೆಗೆ ಅವನೇ ಕಾರು ಕಳಿಸಿದ್ದ. ಆದರೆ ಜನರ ಮುಂದೆ ಒಮ್ಮೆ ಕುರ್ಚಿ ಹತ್ತಿದವನಿಗೆ ಇಳಿಯಲು ಬರಲಿಲ್ಲ.

ಆಚೆ ದಡದ ಹೆಂಗಸರು ಬುದ್ಧಿವಂತರು. ಬುಟ್ಟಿ ಬಿಟ್ಟರು. ಎಲ್ಲ ಮಡಿಲಿಗೆ ಬಂತು. ಹುರುಳಿ ಮಡಿಲಲ್ಲಿ, ಮೆಣಸಿನಕಾಯಿ ಮಡಿಲಲ್ಲಿ, ಕುಂಬಳಕಾಯಿ ಕೂಡ ಮಡಿಲಲ್ಲಿ! ಅವತ್ತು ಸಂತೆ ನೋಡಿದ್ದರೆ ಆ ಊರಿನ ಹೆಂಗಸರೆಲ್ಲ ಒಂದೇ ಸಲ ಬಸುರಾದರು ಅನ್ನಬೇಕು, ಹಾಗಿತ್ತು. ಒಬ್ಬಾಕೆ ನನ್ನ ಮುಂದೆ ನಿಧಾನಕ್ಕೆ ಸೊಂಟ ಹಿಡಿದು ಹೋಗುತ್ತಿದ್ದಳು. ಮಡಿಲು "ಕೊಕ್" ಅಂದಿತು.

"ಏನವ್ವ ಅದು?"

"ಏನಿಲ್ಲ ಕಣಕ್ಕ, ಒಟ್ಟೆ ಗುರ್ ಅಂತದೆ."

"ಒಟ್ಟೆಗೆ ರೆಕ್ಕೆ ಬಂದವಲ್ಲವ್ವ!" ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಾನು ಬಿಟ್ಟೆ. ಮಡಿಲಿನದು, ನನಗೇನು?

ಆ ನಗು ಸ್ವಾಮಣ್ಣನ ಕಿವಿಗೆ ಬಿತ್ತು. ಮುಂದಿನ ಮಂಗಳವಾರ ಬೆಳಗ್ಗೆ ಹೇಳಿದ: "ಇವತ್ತಿನಿಂದ ಮಡ್ಲಿಗೂ ಸುಂಕ. ಬಿಚ್ಚಿಸಿ ನೋಡು. ಹೆಂಗ್ಸು ಅಂತ್ಲೇ ನಿನ್ನ ಇಟ್ಕಂಡಿರೋದು."

"ಸ್ವಾಮಣ್ಣೋರೇ, ಬ್ಯಾಡಿ. ಮಡ್ಲಿಗೆ ಕೈ ಆಕಬಾರ್ದು."

"ಯಾವ್ ಪುಸ್ತಕ್ದಲ್ಲಿ ಬರ್ದದೆ?"

ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅದೇ ನಮ್ಮ ಕರ್ಮ.

ಅವತ್ತು ಸಾಲಿನಲ್ಲಿ ಮೊದಲು ಬಂದವಳು ನನ್ನ ಗೌರಿ. ಪಕ್ಕದಲ್ಲಿ ಅವಳ ಅತ್ತೆ. ಮಡಿಲ ತುಂಬ ಕಾಕಡ. ಮಕ್ಕಳಿಲ್ಲದ ಹೆಣ್ಣಿನ ಮಡಿಲಿಗೆ ಕೈ ಹಾಕಿ ತೆಗೆಯುವುದು ಅಂದರೆ ಏನು ಅಂತ ಓದುವ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಅದೂ ಹೆತ್ತವಳು. ಸ್ವಾಮಣ್ಣ ಬೆನ್ನ ಹಿಂದೆಯೇ ನಿಂತಿದ್ದ.

"ಮಗ್ಳು ಅಂತ ಇವತ್ತು ಬುಟ್ರೆ, ನಾಳೆ ಸಂತೆಯೆಲ್ಲ ನಿನ್ ಮಕ್ಳೇ ಆಯ್ತಾರೆ ತಾಯಮ್ಮ" ಅಂದ.

ನನ್ನ ಕೈ ಅರ್ಧಕ್ಕೆ ಚಾಚಿತ್ತು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಗೌರಿ ಅದನ್ನೇ ನೋಡಿದಳು.

"ಬುಡವ್ವ, ನೀನ್ ತಗೀಬ್ಯಾಡ. ನಾನೇ ಕೊಡ್ತೀನಿ" ಅಂದಳು.

ಮಡಿಲಿನ ಗಂಟು ಬಿಚ್ಚಿ ಸೀರೆ ಒದರಿದಳು. ಹೂವೆಲ್ಲ ಸ್ವಾಮಣ್ಣನ ಚಪ್ಪಲಿ ಮೇಲೆ, ನನ್ನ ಪಾದದ ಮೇಲೆ ಬಿತ್ತು. ಅವಳ ಅತ್ತೆ "ನೋಡ್ಕಂಡ್ಯಾ ನಿಮ್ಮವ್ವನ ಊರ?" ಅಂದಳು. ಗೌರಿ ಬರಿ ಮಡಿಲು ಕೊಡವಿಕೊಂಡು ಹಿಂದಿರುಗಿ ನೋಡದೆ ಹೋದಳು.

ಆಮೇಲೆ ಬರಲಿಲ್ಲ. ಮಂಗಳವಾರ ಬಂತು, ಹೋಯಿತು, ಬಂತು, ಹೋಯಿತು. ಫೋನು ಮಾಡಿದರೆ ಮಾದೇಶ ಎತ್ತಿ "ಕೆಲ್ಸದಲ್ಲವ್ಳೆ ಅತ್ತೆ" ಅನ್ನುವನು. ಗೌರಿ ಹಬ್ಬಕ್ಕೆ ಕಾಳಕ್ಕನ ಕೈಲಿ ಬಾಗಿನ ಕಳಿಸಿದೆ. ತಿರುಗಿ ಬಂದ ಕಾಳಕ್ಕನನ್ನು ಬಾಗಿಲಲ್ಲೇ ಹಿಡಿದು ಕೇಳಿದೆ. ಬಾಗಿನ ಒಳಗಿಟ್ಟುಕೊಂಡಳಂತೆ. ಕುಂಕುಮ ಕೊಟ್ಟಳಂತೆ. "ಅವ್ವ ಎಂಗವ್ಳೆ" ಅಂತ ಮಾತ್ರ ಕೇಳಲಿಲ್ಲವಂತೆ.

ಎರಡು ಸಂತೆಯೂ ಬಡವಾದವು. ಆ ಹೊತ್ತಿಗೆ ಪಟ್ಟಣದಿಂದ ಒಂದು ಪಿಕಪ್ ವ್ಯಾನು ಬರಲು ಶುರುವಾಯಿತು, ಮೈಕಿನಲ್ಲಿ ಕೂಗಿಕೊಂಡು. ಅದು ಸಂತೆಯೊಳಗೆ ಬರುವುದಿಲ್ಲ, ಮನೆ ಬಾಗಿಲಲ್ಲೇ ನಿಲ್ಲುತ್ತದೆ. ಸುಂಕ ಯಾರು ಕೇಳಬೇಕು? ವ್ಯಾನಿನವನು ಈ ದಡದಲ್ಲೂ ಮಾರಿದ, ಆ ದಡದಲ್ಲೂ ಮಾರಿದ. ಒಂದು ದಿನ ಬಾಳೆಹಣ್ಣು ಎಲ್ಲಿಯದಪ್ಪ ಅಂತ ಕೇಳಿದರೆ ನಮ್ಮೂರದ್ದೇ! ಪಟ್ಟಣಕ್ಕೆ ಹೋಗಿ, ಬೆಲೆ ಏರಿಸಿಕೊಂಡು, ನಮ್ಮ ಬಾಗಿಲಿಗೇ ತಿರುಗಿ ಬಂದಿತ್ತು. ಎರಡೂ ಊರಿನವರು ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆವು, ವ್ಯಾನಿನವನು ಮಹಡಿ ಕಟ್ಟುತ್ತಿದ್ದ.

ಕಾಳಕ್ಕನಿಗೆ ಎಲೆ ಕೊಳೆಯುವುದು ನೋಡಿ ನೋಡಿ ರೇಗಿಹೋಯಿತು. ಒಬ್ಬಳೇ ಆಚೆ ದಡಕ್ಕೆ ಹೋಗಿ ಆ ಗುತ್ತಿಗೆದಾರನ ಜಗಲಿ ಮೇಲೆ ಕೂತು ಕೇಳಿಬಿಟ್ಟಳು. "ಏನಪ್ಪ, ನಿಂಗೆ ಏನ್ ಬೇಕಿತ್ತು?" ಅವನು ಹೇಳಿದ್ದು ಕೇಳಿದರೆ ನಗಬೇಕೋ ಅಳಬೇಕೋ. ಹಿಂದಿನ ವರ್ಷ ಸ್ವಾಮಣ್ಣ ನಮ್ಮ ಸಂತೆಯಲ್ಲಿ ಆ ಊರಿನ ಕುರಿ ಸಾಲನ್ನು ಹುಣಸೆ ಮರದ ಕಡೆಯಿಂದ ಎಬ್ಬಿಸಿ, ಆ ನೆರಳನ್ನು ಪ್ಲಾಸ್ಟಿಕ್ ಬಿಂದಿಗೆ ಅಂಗಡಿಯವನಿಗೆ ಕೊಟ್ಟಿದ್ದ. ಕುರಿಯವರಿಗೆ ಚರಂಡಿ ಪಕ್ಕದ ಬಿಸಿಲು. ಅವರಿಗೆ ನೆರಳು ವಾಪಸ್ ಬೇಕಿತ್ತು. ಕೇಳಿದರೆ ಸ್ವಾಮಣ್ಣ ಮಾತಾಡಿಸಲಿಲ್ಲ, ಅದಕ್ಕೆ ಹೆದರಿಸಿದರಂತೆ. "ನೀವು ಬಂದು ಮಾತಾಡ್ತೀರ ಅಂದ್ಕಂಡಿದ್ದೆ ಕಣವ್ವ, ಒಡೆದೇ ಬುಡ್ತೀರ ಅಂದ್ಕಂಡಿರ್ಲಿಲ್ಲ" ಅಂದನಂತೆ.

ಒಂದು ಮರದ ನೆರಳು! ಅದಕ್ಕೆ ನನ್ನ ಮಗಳ ಮಡಿಲು ಬರಿದಾಯಿತು.

ಇದನ್ನು ಬಂದು ಹೇಳಿದರೂ ಸ್ವಾಮಣ್ಣ ಜಗ್ಗಲಿಲ್ಲ. ಆಗ ಕಾಳಕ್ಕ ಎಲೆ ಬುಟ್ಟಿ ಹೊತ್ತು ಹೋಗಿ ಹಳೇ ಸೇತುವೆಯ ನಟ್ಟನಡುವೆ ಕೂತಳು. ಹೊಸ ಸೇತುವೆ ಆದ ಮೇಲೆ ಹಳೆಯದರ ಮೇಲೆ ಬಸ್ಸು ಬರುತ್ತಿರಲಿಲ್ಲ, ಎಮ್ಮೆ ಮಲಗುತ್ತಿದ್ದವು. ಮರುವಾರ ಅವರೆಕಾಯಿಯವಳು ಬಂದು ಪಕ್ಕ ಕೂತಳು. ಆಮೇಲೆ ಹುರುಳಿ, ಆಮೇಲೆ ಸೊಪ್ಪು. ಸ್ವಾಮಣ್ಣ ನನ್ನನ್ನು ಸುಂಕ ಎತ್ತಲು ಅಲ್ಲಿಗೂ ಅಟ್ಟಿದ.

"ಈ ಸೇತ್ವೆ ಯಾರ್ದು ತಾಯಮ್ಮ?" ಅಂದಳು ಕಾಳಕ್ಕ. "ನಮ್ಮೂರ್ದಾ, ಅವ್ರೂರ್ದಾ? ಕೆಳಗೆ ಓಯ್ತಾವ್ಳಲ್ಲ, ಅವ್ಳುದು. ಅವ್ಳು ಎದ್ದು ಬಂದು ಕೇಳ್ಲಿ, ಸುಂಕ ಕೊಡ್ತೀನಿ."

ಹಾಗೇ ಹೋಗಿ ಸ್ವಾಮಣ್ಣನಿಗೆ ಹೇಳಿದೆ. "ಅಂಗಾರೆ ನಾಳೆಯಿಂದ ಬರ್ಬ್ಯಾಡ, ಎತ್ತೋಕೆ ಸುಂಕನೇ ಇಲ್ವಲ್ಲ" ಅಂದ. ಚೀಲ ಕೊಟ್ಟು ಬಂದೆ.

ಮುಂದಿನ ಮಂಗಳವಾರ ಬರಿ ಕೈಯಲ್ಲಿ ಸೇತುವೆಗೆ ಹೋದೆ. ಗೌರಿ ಅಲ್ಲಿದ್ದಳು. ಕಂಬಿಗೆ ಒರಗಿ, ಮಡಿಲಲ್ಲಿ ಹೂವು. ಸೊರಗಿದ್ದಳು. ನಾನು ಹೋಗಿ ಮುಂದೆ ನಿಂತೆ.

"ಏನ್ ಕೊಡ್ಲಿ?" ಅಂದಳು, ಬೇರೆಯವರನ್ನು ಕೇಳುವ ಹಾಗೆ.

"ದೇವ್ರಿಗೆ ಒಂದು ಮಾರು ಕಾಕಡ" ಅಂದೆ.

ಎರಡು ಕೈ ಚಾಚಿ ಅಳೆದಳು. ಬೆರಳ ತುದಿಗೆ ಸರಿಯಾಗಿ ದಾರ ಹರಿದಳು. ನಮ್ಮ ಕಡೆ ಹೂವಿನವಳು ಮಾರು ಅಳೆದ ಮೇಲೆ ಒಂದು ಗೇಣೋ ಅರ್ಧ ಗೇಣೋ ಕೊಸರು ಬಿಡುತ್ತಾಳೆ, ಕೇಳದಿದ್ದರೂ ಬಿಡುತ್ತಾಳೆ, ಗುರುತಿಲ್ಲದವರಿಗೂ ಬಿಡುತ್ತಾಳೆ. ಗೌರಿ ನನಗೆ ಕೊಸರು ಬಿಡಲಿಲ್ಲ. ಕಾಸು ಇಸಿದುಕೊಂಡಳು. ನಾನು ಪ್ರತಿ ವಾರ ಹೋದೆ. ಪ್ರತಿ ವಾರ ಒಂದು ಮಾರು, ಬೆರಳ ತುದಿಗೆ ಸರಿಯಾಗಿ.

ವರ್ಷದ ಕೊನೆಗೆ ಹರಾಜು ಕೂಗಿದರೆ ಎರಡೂ ಊರಲ್ಲಿ ಕೂಗುವವರಿಲ್ಲ. ಖಾಲಿ ಬಯಲಿಗೆ ಯಾರು ದುಡ್ಡು ಕಟ್ಟುತ್ತಾರೆ? ಆಗ ಎರಡು ಪಂಚಾಯ್ತಿಯವರೂ ಕೂತು ಟೀ ಕುಡಿದರು. ಹಳೇ ಸುಂಕವೇ ಇರಲಿ, ಕುರಿಗೆ ನೆರಳು ಬಿಟ್ಟುಕೊಡುವುದು, ಮಡಿಲು ಮುಟ್ಟುವಂತಿಲ್ಲ, ಇಷ್ಟೇ ಆದದ್ದು. ಕಾಳಕ್ಕ ಮೊದಲ ದಿನ ಹೇಳಿದ ಹಾಗೆ ಹೋಗಿ ಕೇಳಿದ್ದರೆ ಅವತ್ತೇ ಇಷ್ಟು ಆಗುತ್ತಿತ್ತು. ಈ ಊರಲ್ಲಿ ನಾವು ಗೆದ್ದೆವು ಅಂತ ಫ್ಲೆಕ್ಸು, ಆ ಊರಲ್ಲಿ ಅವರು ಗೆದ್ದರು ಅಂತ ಫ್ಲೆಕ್ಸು. ಕಾಳಕ್ಕನ ಫೋಟೊ ಯಾವುದರಲ್ಲೂ ಇಲ್ಲ. ಸಂತೆ ಬಿಟ್ಟು ಹೋದ ಎಷ್ಟೋ ಜನ ತಿರುಗಿ ಬರಲೇ ಇಲ್ಲ. ವ್ಯಾನು ಇವತ್ತಿಗೂ ಬರುತ್ತದೆ.

ದೇಶದ ವಿಚಾರ ನನಗೆ ತಿಳಿಯದು ಮಾದೇಶ. ದೊಡ್ಡವರು ಬಗ್ಗದೆ ಇರಬೇಕಾದ ಸಮಯವೂ ಇರಬಹುದು, ಹೊಡೆದವನಿಗೆ ತಿರುಗಿ ಹೊಡೆಯಲೇಬೇಕಾದ ಸಮಯವೂ ಇರಬಹುದು. ಆದರೆ ಹೆದರಿಸಿದವನನ್ನು ಏನು ಬೇಕಪ್ಪ ಅಂತ ಒಂದು ಮಾತು ಕೇಳಲು ಕಾಸು ಬೀಳುವುದಿಲ್ಲ. ತಿರುಗಿ ಜಡಿಯುವ ಮೊದಲು ಯಾರ ಮಡಿಲು ಬಿಚ್ಚಬೇಕಾಗುತ್ತದೆ ಅಂತ ನೋಡಿಕೊಳ್ಳಲಿ. ಕುರ್ಚಿ ಮೇಲೆ ನಿಂತವರಿಗೆ ಮಡಿಲಿರುವುದಿಲ್ಲ. ಸವಿತ, ನಿನಗೆ ಈಗ ಮೆಷಿನ್ನಿನಲ್ಲಿ ಚೀಟಿ ಬರುತ್ತದಂತೆ, ಫೋನಿನಲ್ಲೇ ಕಾಸು ಬೀಳುತ್ತದಂತೆ. ಒಳ್ಳೆಯದೇ. ಆದರೆ ಮಡಿಲಿಗೆ ಸುಂಕವಿಲ್ಲ ಅನ್ನುವುದನ್ನು ಆ ಮೆಷಿನ್ನಿಗೆ ಯಾರೂ ಹೇಳಿರುವುದಿಲ್ಲ. ನೀನೇ ಹೇಳಬೇಕು.

ಸಂತೆ ತಿರುಗಿ ಕೂಡಿದ ಮೊದಲ ಮಂಗಳವಾರ, ಮತ್ತೆ ಹರಾಜಾಗಿ ಬಂದ ನಮ್ಮೂರ ಹೊಸ ಗುತ್ತಿಗೆದಾರ ನನ್ನನ್ನೇ ಕರೆಸಿಕೊಂಡ. ಚೀಲ ಹೆಗಲಿಗೆ ಹಾಕಿಕೊಂಡು ಹೆಂಗಸರ ಸಾಲಿಗೆ ಇಳಿದೆ. ಎಲ್ಲರ ಹತ್ತಿರ ಕೈ ಚಾಚಿದೆ, ಗೌರಿ ನಿಂತ ಜಾಗ ಬಂದಾಗ ತಲೆ ತಗ್ಗಿಸಿ ಮುಂದೆ ಹೋದೆ.

"ಅವ್ವ, ನಿಂತ್ಕೊ" ಅಂದಳು ಹಿಂದಿನಿಂದ. "ದೇವ್ರಿಗೆ ಊವ ಬ್ಯಾಡ್ವಾ ಇವತ್ತು?"

ಮಡಿಲಿಂದ ಕಾಕಡ ತೆಗೆದು ಕೈ ಚಾಚಿ ಅಳೆದಳು. ಬೆರಳ ತುದಿಗೆ ಬಂತು. ನಾನು ದಾರ ಹರಿಯುವುದನ್ನೇ ನೋಡುತ್ತಿದ್ದೆ. ಹರಿಯಲಿಲ್ಲ. ಒಂದು ಗೇಣು ಬಿಟ್ಟಳು. ನನ್ನ ಮುಖ ನೋಡಿ, ಇನ್ನೊಂದು ಗೇಣು ಬಿಟ್ಟಳು.